ಮುನ್ನೂರನೆಯ ಎಕೋ

ಬೆಳಿಗ್ಗೆ ಏಳು ನಲವತ್ತಕ್ಕೆ, ಗುರುವಾರದ ತಪ್ಪುಗಳ ಸಭೆಯಲ್ಲಿ, ಆರು ವಾರದ ಹಿಂದೆ ಅವನು ಓದಿ ಸಹಿ ಮಾಡಿದ್ದ ಎಕೋ, ಅಂದರೆ ಹೃದಯದ ಸ್ಕ್ಯಾನ್, ಪರದೆಯ ಮೇಲೆ ಬಂತು. ರೋಗಿಯ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ವರದಿ ಬರೆದ ಡಾಕ್ಟರ ಹೆಸರಿನ ಮೇಲೂ ಕಪ್ಪು ಪಟ್ಟಿ. ತಪ್ಪನ್ನು ನೋಡಬೇಕು, ತಪ್ಪು ಮಾಡಿದವರನ್ನು ನೋಡಬಾರದು ಎಂಬುದು ಹೃದಯ ಚಿತ್ರಣ ವಿಭಾಗದ ಹಳೆಯ ನಿಯಮ. ಅವನಿಗೆ ಹೆಸರು ಬೇಕಾಗಲಿಲ್ಲ. ಎರಡು ವರ್ಷದ ತಜ್ಞ ತರಬೇತಿಯಾದ ಫೆಲೋಶಿಪ್‌ನಲ್ಲಿ ರೋಗಿಗಳ ಮುಖ ಮರೆತು ಹೃದಯವಷ್ಟೇ ನೆನಪಿರುವುದು ರೂಢಿಯಾಗಿಬಿಟ್ಟಿತ್ತು. ಲಿಫ್ಟಿನಲ್ಲಿ ಎದುರಾಗಿ ನಕ್ಕವರನ್ನು ಗುರುತು ಹಿಡಿಯದವನು, ಕತ್ತಲ ಕೋಣೆಯಲ್ಲಿ ಅವರ ಕವಾಟ ಕಂಡ ತಕ್ಷಣ, ಓಹೋ ಇವರಾ ಅನ್ನುತ್ತಿದ್ದ. ಈ ಹೃದಯವನ್ನಂತೂ ಕಣ್ಣು ಮುಚ್ಚಿಕೊಂಡು ಕಾಗದದ ಮೇಲೆ ಬಿಡಿಸಬಲ್ಲ. ಮೂರು ಬಡಿತ. ಯಂತ್ರ ಉಳಿಸಿಕೊಳ್ಳುವುದು ಮೂರೇ ಬಡಿತ. ಮೂರು ಮುಗಿದ ಮೇಲೆ ಚಿತ್ರ ಸಣ್ಣಗೆ ಕುಪ್ಪಳಿಸಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಐದು ವಾರದಿಂದ ಆ ಕುಪ್ಪಳಿಕೆ ಅವನ ಜೊತೆಗೇ ಓಡಾಡುತ್ತಿತ್ತು. ಮೆಟ್ಟಿಲು ಹತ್ತುವಾಗ ಮೂರು ಮೆಟ್ಟಿಲಿಗೊಮ್ಮೆ ಕಾಲು ತಡವರಿಸುತ್ತಿತ್ತು. ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ಅದರೊಳಗೆ ರಕ್ತ ಹರಿಯುವ ಸದ್ದು ಕೇಳಿ, ಹೆಂಡತಿಗೆ ಕಾಣದ ಹಾಗೆ ಹೋಗಿ ಅದನ್ನು ನಿಲ್ಲಿಸಿ ಬಂದಿದ್ದ ಒಂದು ದಿನ.

"ಇದರಲ್ಲಿ ಏನು ಇಲ್ಲ?" ಎಂದು ದೊಡ್ಡವರು ಕೇಳಿದರು. ವಿಭಾಗದ ಮುಖ್ಯಸ್ಥರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ಅದು. ಏನು ಇದೆ ಎಂದು ಅವರು ಎಂದೂ ಕೇಳಿದವರಲ್ಲ.

"ತುದಿ ಇಲ್ಲ ಸಾರ್," ಅವನ ಪಕ್ಕದಲ್ಲಿ ಕೂತಿದ್ದ ಮೊದಲ ವರ್ಷದ ಫೆಲೋ ಹುಡುಗಿ ಅಂದಳು. "ಚಿತ್ರ ಮೊಟಕಾಗಿದೆ. ಪ್ರೋಬು ಒಂದು ಪಕ್ಕೆಲುಬಿನಷ್ಟು ಮೇಲೆ ಕೂತಿದೆ. ಹೃದಯದ ಕೆಳಗಿನ ತುದಿ ಕಟ್ ಆಗಿ, ಗೋಡೇನೇ ತುದಿ ಥರ ಕಾಣ್ತಿದೆ."

"ಯಾರಾದ್ರೂ ಅದೇ ತುದಿ ಅಂದ್ಕೊಂಡ್ರೆ?"

"ಟೋಪಿ ಬಿತ್ತು ಅಂತಾನೇ ಸಾರ್."

ಕೋಣೆಯಲ್ಲಿ ಹನ್ನೊಂದು ಜನ ನಕ್ಕರು. ಅವನೂ ನಕ್ಕ. ನಗು ಮುಗಿದ ಮೇಲೂ ಬಾಯಿ ಅದೇ ಆಕಾರದಲ್ಲಿ ಉಳಿದಿರುವುದು ಗೊತ್ತಾಗಿ ಕೈಯಿಂದ ಒರೆಸಿಕೊಂಡ. ದೊಡ್ಡವರು ಮುಂದಿನ ಚಿತ್ರಕ್ಕೆ ಹೋದರು. ಅದು ವರದಿಯ ಒಂದೇ ಸಾಲು, ಹಳದಿ ಬಣ್ಣದಲ್ಲಿ: ಹೃದಯದ ತುದಿಯಲ್ಲಿ ಹೆಪ್ಪುಗಟ್ಟಿದ ರಕ್ತ ಇಲ್ಲ. ಅದರ ಮುಂದಿನದು ಒಂಬತ್ತು ದಿನದ ನಂತರ ಬೇರೊಂದು ಆಸ್ಪತ್ರೆಯಲ್ಲಿ ತೆಗೆದದ್ದು. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟಿದ್ದರಿಂದ ಎಡ ಹೃದಯದ ಒಳಗೆಲ್ಲ ಹಾಲು ತುಂಬಿದ ಹಾಗೆ ಬೆಳ್ಳಗೆ, ತುದಿಯಲ್ಲಿ ಮಾತ್ರ ಒಂದು ಕಪ್ಪು ಉಂಡೆ, ಕಡಲೆಕಾಳಿನಷ್ಟು. ಅದು ಉಳಿದ ಚೂರು ಎಂದು ದೊಡ್ಡವರು ವಿವರಿಸಿದರು. ಇದರ ಇನ್ನೊಂದು ಚೂರು ಅಷ್ಟರಲ್ಲಿ ಮೆದುಳಿಗೆ ಹೋಗಿಯಾಗಿತ್ತು. "ಐವತ್ತೆಂಟು ವರ್ಷ. ಅದಕ್ಕೂ ಮೂರು ವಾರ ಮುಂಚೆ ಹೃದಯಾಘಾತ ಆಗಿ ಬದುಕಿದವರು, ಚೆಕಪ್‌ಗೆ ಅಂತ ನಮ್ಮ ಹತ್ರ ಬಂದಿದ್ರು. ನಾವು ಏನೂ ಇಲ್ಲ ಅಂತ ಕಳಿಸಿದ್ವಿ. ಈಗ ಬಲಗೈ ಸ್ವಾಧೀನ ಇಲ್ಲ, ಮಾತಿಲ್ಲ. ಕೆಲಸ ಟೈಲರಿಂಗ್." ಅವರು ಮತ್ತೆ ಮೊದಲಿನ ಚಿತ್ರಕ್ಕೆ ಬಂದರು. "ಇವತ್ತು ಮಧ್ಯಾಹ್ನ ಮತ್ತೆ ಬರ್ತಾರೆ. ಅದಕ್ಕೇ ಈಗ ತೋರಿಸ್ತಿದೀನಿ."

ಕಪ್ಪು ಪಟ್ಟಿ ಎಳೆಯುವುದರಲ್ಲಿ ಒಂದು ಕೊರತೆಯಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಸರಿಮಾಡಿರಲಿಲ್ಲ. ಡಾಕ್ಟರ ಹೆಸರು ವರದಿಯಲ್ಲಿರುತ್ತದೆ, ಮುಚ್ಚಬಹುದು. ಚಿತ್ರ ತೆಗೆದ ಟೆಕ್ನಿಷಿಯನ್ನಿನ ಹೆಸರಿನ ಮೂರಕ್ಷರ ಚಿತ್ರದ ಮೂಲೆಯಲ್ಲೇ ಅಚ್ಚಾಗಿರುತ್ತದೆ, ಪ್ರತಿ ಬಡಿತದಲ್ಲೂ. ಹನ್ನೊಂದು ಜನರಲ್ಲಿ ಯಾರೂ ಹಿಂದಕ್ಕೆ ತಿರುಗಲಿಲ್ಲ. ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಅಕ್ಕ ಕೂತಿದ್ದರು. ಇಪ್ಪತ್ತೆರಡು ವರ್ಷದಿಂದ ಆ ವಿಭಾಗದಲ್ಲಿ ಎಕೋ ಮಾಡುತ್ತಿರುವವರು. ಸೇರಿದ ಯಾವ ಫೆಲೋ ಆದರೂ ಮೊದಲ ತಿಂಗಳು ಎದೆಯ ಮೇಲಿಟ್ಟು ಚಿತ್ರ ತೆಗೆಯುವ ಪ್ರೋಬ್ ಹಿಡಿಯುವುದನ್ನು ಕಲಿಯುವುದು ಅವರಿಂದಲೇ, ಹಾಗಾಗಿ ವಯಸ್ಸಿನಲ್ಲಿ ಹಿರಿಯರಾದವರೂ ಅವರನ್ನು ಅಕ್ಕ ಅನ್ನುತ್ತಿದ್ದರು.

"ನಾನು ಬರೆದಿದ್ದೆ ಸಾರ್," ಅಕ್ಕ ಅಂದರು. ಎದ್ದು ನಿಲ್ಲಲಿಲ್ಲ. "ಆಗ ಅವರಿಗೆ ಎದೆ ಒತ್ತಿ ಒತ್ತಿ ಬದುಕಿಸಿದ್ರಲ್ಲ, ಪಕ್ಕೆಲುಬು ನೋವಿತ್ತು. ಎಡಕ್ಕೆ ಮಲಗೋಕಾಗ್ಲಿಲ್ಲ. ತುದಿ ಸಿಗ್ತಿಲ್ಲ, ಕಾಂಟ್ರಾಸ್ಟ್ ಕೊಟ್ಟು ನೋಡೋದು ಒಳ್ಳೇದು ಅಂತ ಟಿಪ್ಪಣಿ ಬರೆದಿದ್ದೆ."

"ರಿಪೋರ್ಟಲ್ಲಿ ಆ ಟಿಪ್ಪಣಿ ಇಲ್ವಲ್ಲ ಅಕ್ಕ."

"ಬರೆದ ನೆನಪು."

"ನೆನಪು," ಅಂದರು ದೊಡ್ಡವರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಈಗ ಎದ್ದು ನಿಲ್ಲಬೇಕು ಎಂದು ಅವನಿಗೆ ಅನಿಸಿತು. ಅನಿಸಿಕೆ ಮಂಡಿಯವರೆಗೆ ಇಳಿಯಿತು ಕೂಡ. ಕುರ್ಚಿಯ ಹಿಡಿಯ ಮೇಲೆ ಕೈಯೂರಿದ, ಕೋಟಿನ ತೋಳು ಕಣ್ಣಿಗೆ ಬಿತ್ತು. ಎಡ ತೋಳು ಅರ್ಧ ಇಂಚು ಉದ್ದ. ಅದನ್ನು ಹೇಳಿದ್ದು ಟೈಲರೇ, ಆ ದಿನ, ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದಾಗ. ಅವನು ಒಂದೇ ಒಂದು ನಿಮಿಷ ಆ ಕೋಣೆಗೆ ಹೋಗಿದ್ದ, ಇನ್ನೂ ಎಷ್ಟು ಹೊತ್ತು ಅಂತ ಅಕ್ಕನನ್ನು ಕೇಳುವುದಕ್ಕೆ. ಟೈಲರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಾಕ್ಟ್ರೇ, ಕೋಟು ಎಲ್ಲಿ ಹೊಲಿಸಿದ್ದು, ಎಡ ತೋಳು ಅರ್ಧ ಇಂಚು ಜಾಸ್ತಿ ಬಿಟ್ಟಿದಾನೆ, ತಂದ್ಕೊಡಿ ಐದು ನಿಮಿಷದ ಕೆಲಸ, ಅಂದಿದ್ದರು. ನಕ್ಕಾಗ ಪಕ್ಕೆ ನೋವಾಗಿ ಮುಖ ಹಿಂಡಿದ್ದರು. ಎರಡು ವರ್ಷ ಆ ಕೋಟು ಹಾಕಿದ್ದ ಅವನಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಬೇರೇನೂ ಕಾಣುತ್ತಿರಲಿಲ್ಲ.

"ಶಿಕ್ಷೆ ಅಂತ ಅಲ್ಲ," ದೊಡ್ಡವರು ಹೇಳುತ್ತಿದ್ದರು. "ಆದ್ರೆ ನಿಯಮ ಇದೆ. ಎರಡು ವಾರ ಅಕ್ಕ ಒಬ್ಬರೇ ಎಕೋ ಮಾಡೋದು ಬೇಡ. ಯಾರಾದ್ರೂ ಹಿರಿಯ ಫೆಲೋ ಪಕ್ಕದಲ್ಲಿ ನಿಂತು ನೋಡ್ಲಿ, ತುದಿ ಹೇಗೆ ತೆಗೀಬೇಕು ಅಂತ ಇನ್ನೊಂದ್ಸಲ ತೋರಿಸ್ಲಿ." ಅವರ ಕೈಯ ಲೇಸರಿನ ಕೆಂಪು ಚುಕ್ಕೆ ಗೋಡೆಯ ಮೇಲೆ ಒಂದು ಸುತ್ತು ಹಾಕಿತು. "ಮುನ್ನೂರು, ನೀನೇ ಮಾಡಿಬಿಡು. ಇನ್ನು ಮೂರು ವಾರ ತಾನೇ ನೀನಿರೋದು."

ಸರಿ ಸಾರ್ ಎಂದು ಯಾರೋ ಅಂದರು. ಅವನೇ.

ಮುನ್ನೂರು ಎಂಬುದು ಅವನ ಹೆಸರಾಗಿ ಆರು ವಾರವಾಗಿತ್ತು. ಫೆಲೋಶಿಪ್ ಮುಗಿಸಲು ಮುನ್ನೂರು ಎಕೋ ಸ್ವತಂತ್ರವಾಗಿ ಓದಿರಬೇಕು, ಪ್ರತಿಯೊಂದನ್ನೂ ಲಾಗ್‌ಬುಕ್ಕಿನಲ್ಲಿ ನಮೂದಿಸಬೇಕು. ಆ ತಂಡದಲ್ಲಿ ಮೊದಲು ಮುಟ್ಟಿದವನು ಅವನು. ಅವತ್ತು ಮೊದಲ ವರ್ಷದ ಹುಡುಗಿ ಬೆಳಿಗ್ಗೆಯೇ ಕೇಕ್ ತಂದಿಟ್ಟು, ಸಂಜೆ ಐದರೊಳಗೆ ಮುನ್ನೂರು ಮಾಡಿ ಗುರುವೇ, ಕ್ರೀಮು ಕರಗುತ್ತೆ, ಎಂದು ಗಂಟೆಗೊಮ್ಮೆ ಬಂದು ಹೇಳಿ ಹೋಗುತ್ತಿದ್ದಳು. ನಾಲ್ಕೂವರೆಗೆ ಇನ್ನೂರ ತೊಂಬತ್ತೊಂಬತ್ತಾಗಿತ್ತು. ಸಾಲಿನಲ್ಲಿ ಇದ್ದದ್ದು ಟೈಲರದೊಂದೇ. ಕೇಕಿನ ಮೇಲಿನ 300 ಎಂಬ ಅಂಕಿಯನ್ನು ಕತ್ತರಿಸಿದವರು ಅಕ್ಕ, ಸೊನ್ನೆಯ ಚೂರನ್ನು ಅವನ ಬಾಯಿಗಿಟ್ಟವರೂ ಅಕ್ಕ. ಅಂದಿನಿಂದ ವಿಭಾಗದಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಕಾರಿಡಾರಿನ ಆ ತುದಿಯಿಂದ ಮುನ್ನೂರೂ ಎಂದು ಯಾರಾದರೂ ಕೂಗಿದರೆ ಅವನಿಗೆ ಕಾಣುವುದು ಮಂಚ, ಅಂಗಿ ಬಿಚ್ಚಿದ ಎದೆ, ಪಕ್ಕೆಯ ಮೇಲೆ ಹಳದಿಗೆ ತಿರುಗಿದ ಬಾವು. ಕರೆದವರು ಕಾಫಿಗೆ ಕರೆದಿರುತ್ತಿದ್ದರು.

ಸಭೆ ಮುಗಿದು ಹೊರಬರುವಾಗ ಅಕ್ಕ ಬಾಗಿಲ ಬಳಿ ನಿಂತು ಬಾಟಲಿಯಿಂದ ನೀರು ಕುಡಿಯುತ್ತಿದ್ದರು. ಅವನು ಅಕ್ಕ ಅಂದ. ಅವರು ಮುಚ್ಚಳ ತಿರುಗಿಸಿ ಮುಚ್ಚಿ, "ಎರಡೂವರೆಗೆ ಡಾಕ್ಟ್ರೇ, ಮೂರನೇ ಕೋಣೆ," ಅಂದು ಹೋದರು. ಅವನು ಸೇರಿದ ವಾರ ಅವರು ಅವನ ಮಣಿಕಟ್ಟನ್ನು ಹಿಡಿದು, ಇಷ್ಟು ಗಟ್ಟಿಯಾಗಿ ಅಲ್ಲ ಕಣಪ್ಪ, ಪೆನ್ನು ಹಿಡಿದ ಹಾಗೆ, ಅದು ಮನುಷ್ಯರ ಎದೆ, ನೆಲ ಒರೆಸ್ತಿಲ್ಲ ನೀನು, ಅಂದಿದ್ದರು. ಆಗ ಅವನು ಕಣಪ್ಪ. ಡಾಕ್ಟ್ರೇ ಆದದ್ದು ಯಾವಾಗ ಎಂಬುದು ಅವನಿಗೆ ದಿನದ ಸಮೇತ ಗೊತ್ತಿತ್ತು. ಐದು ವಾರದ ಹಿಂದೆ ಆ ಬೇರೆ ಆಸ್ಪತ್ರೆಯಿಂದ ಹಳೆಯ ಚಿತ್ರ ಕಳಿಸಿ ಎಂದು ಪತ್ರ ಬಂದ ದಿನ ಅಕ್ಕ ಓದುವ ಕೋಣೆಗೆ ಬಂದು, ಆ ಟೈಲರದ್ದು ನೋಡಿದ್ಯಾ, ಸ್ಟ್ರೋಕ್ ಆಯ್ತಂತೆ, ಅಂದರು. ಅವನು ಪರದೆಯಿಂದ ಕಣ್ಣು ತೆಗೆಯದೆ, ಯಾವ ಟೈಲರ್, ಎಂದು ಕೇಳಿದ. ಅವರು ಬಾಗಿಲ ಕಡೆ ತಿರುಗಿದರು. ನೀವು ಬಿಜಿ ಇದೀರ ಡಾಕ್ಟ್ರೇ, ಅಂದು ಹೋದರು.

ಓದುವ ಕೋಣೆಯಲ್ಲಿ ಕಿಟಕಿಯಿಲ್ಲ. ಆರು ಪರದೆ, ಆರು ಕುರ್ಚಿ, ಕತ್ತಲೆ. ಅವನು ತನ್ನ ಪರದೆಯ ಮುಂದೆ ಕೂತು, ಹದಿನಾರನೆಯ ಸಲವೋ ಹದಿನೇಳನೆಯ ಸಲವೋ, ಆ ಎಕೋದ ಇತಿಹಾಸ ತೆರೆದ. ವರದಿಗೆ ಸಹಿ ಬಿದ್ದ ಮೇಲೂ ಅದರ ಹಿಂದಿನ ಕರಡುಗಳೆಲ್ಲ ಅಲ್ಲಿ ಬೂದು ಅಕ್ಷರದಲ್ಲಿ ಉಳಿದಿರುತ್ತವೆ. ಡಾಕ್ಟರುಗಳು ಮಾತ್ರ ನೋಡಬಹುದು, ಟೆಕ್ನಿಷಿಯನ್ನುಗಳಿಗೆ ಆ ಪುಟ ತೆರೆಯುವುದಿಲ್ಲ. ನಾಲ್ಕು ಹನ್ನೆರಡಕ್ಕೆ ಅಕ್ಕನ ಟಿಪ್ಪಣಿ: ಎದೆಗೂಡು ನೋವು, ಎಡಕ್ಕೆ ಮಲಗಲಾಗುತ್ತಿಲ್ಲ, ತುದಿ ಪೂರ್ತಿ ಸಿಗಲಿಲ್ಲ, ಕಾಂಟ್ರಾಸ್ಟ್ ಕೊಟ್ಟು ನೋಡುವುದು ಒಳ್ಳೆಯದು. ನಾಲ್ಕು ಮೂವತ್ತೊಂದಕ್ಕೆ ಅವನು ಒತ್ತಿದ ಗುಂಡಿ: ಹಿಂದಿನ ವರದಿ ತನ್ನಿ. ಆ ಗುಂಡಿಯನ್ನು ಎಲ್ಲರೂ ಒತ್ತುತ್ತಿದ್ದರು. ಅದೇ ರೋಗಿಯ ಹಳೆಯ ವರದಿಯ ನಲವತ್ತು ಸಾಲು ಒಂದೇ ಏಟಿಗೆ ಬಂದು ಕೂರುತ್ತವೆ, ಬದಲಾದ ಎರಡು ಮೂರು ಸಂಖ್ಯೆ ತಿದ್ದಿದರೆ ಮುಗಿಯಿತು. ಹೃದಯಾಘಾತವಾದ ವಾರ ಕಾಂಟ್ರಾಸ್ಟ್ ಕೊಟ್ಟು ತೆಗೆದ ಎಕೋದಲ್ಲಿ ಹೆಪ್ಪು ಇಲ್ಲ ಎಂದು ಬರೆದಿದ್ದರು, ಆಗ ಅದು ನಿಜವೂ ಆಗಿತ್ತು. ಆ ಸಾಲು ಬಂದು ಕೂತಿತು. ಟಿಪ್ಪಣಿಯ ಜಾಗದಲ್ಲಿ ಹಳೆಯ ಟಿಪ್ಪಣಿ ಬಂದು ಕೂತಿತು, ಅಕ್ಕನದು ಅಳಿಸಿಹೋಯಿತು. ಗುಂಡಿ ಒತ್ತುವ ಮೊದಲು ಟಿಪ್ಪಣಿ ಓದಬೇಕು ಎಂಬುದನ್ನು ಹೊಸ ಫೆಲೋಗಳಿಗೆ ಹೇಳಿಕೊಡುವವನು ಅವನೇ. ನಾಲ್ಕು ಮೂವತ್ಮೂರಕ್ಕೆ ಅವನ ಸಹಿ. ಎರಡು ನಿಮಿಷ. ಚಿತ್ರ ನೋಡಿದ್ದ, ನೋಡಲಿಲ್ಲ ಅನ್ನುವಂತಿಲ್ಲ. ಮೊಟಕಾದ ಆ ಗೋಡೆ ಚೆನ್ನಾಗಿ ಬಡಿಯುತ್ತಿರುವುದನ್ನು ಕಂಡು, ಪರವಾಗಿಲ್ಲ ಸುಧಾರಿಸಿದೆ, ಎಂದು ಸಂತೋಷ ಕೂಡ ಪಟ್ಟಿದ್ದ. ಆರು ಹತ್ತಕ್ಕೆ ದೊಡ್ಡವರ ಅಂತಿಮ ಸಹಿ. ಆ ಸಂಜೆ ನಾಲ್ಕು ನಿಮಿಷದಲ್ಲಿ ನಲವತ್ತೊಂದು ವರದಿಗೆ ಅವರು ಸಹಿ ಹಾಕಿದ್ದರು. ಮೊದಲ ಸಲ ಇದನ್ನು ಕಂಡಾಗ ಅವನಿಗಾದ ಸಮಾಧಾನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಅವನು ಪುಟ ಮುಚ್ಚಲಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಫೋನ್ ನಡುಗಿತು, ಹೆಂಡತಿ. "ರೀ, ಕೆಲಸ ಕೊಡ್ತೀವಿ ಅಂದಿದ್ದ ಆಸ್ಪತ್ರೆಯವರು ಮತ್ತೆ ಫೋನ್ ಮಾಡಿದ್ರು. ಸರ್ಟಿಫಿಕೇಟ್ ಬಂದ ದಿನಾನೇ ಸೇರ್ಕೋಬಹುದಂತೆ. ಯಾವತ್ತು ಕೊಡ್ತಾರೆ ಅಂತ ನಿಮ್ಮ ದೊಡ್ಡವರನ್ನ ಕೇಳಿದ್ರಾ?"

"ಕೇಳ್ತೀನಿ."

"ಕೇಳ್ತೀನಿ ಕೇಳ್ತೀನಿ ಅಂತ ಒಂದು ತಿಂಗಳಾಯ್ತು. ಬಾಯಲ್ಲೇನು ಕಡುಬು ಇಟ್ಕೊಂಡಿದೀರಾ?" ಅವಳು ನಕ್ಕಳು. ಅವನು ನಗದಿದ್ದುದನ್ನು ಗಮನಿಸಿದಳು. "ಆ ತಪ್ಪಿನ ಮೀಟಿಂಗ್ ಇತ್ತಲ್ಲ ಇವತ್ತು. ಏನಾಯ್ತು? ಯಾರದ್ದಂತೆ?"

ಯಾರದ್ದಂತೆ ಎಂದು ಅವಳು ಕೇಳುವುದು ಎರಡನೆಯ ಸಲ. ಮೊದಲ ಸಲ, ಊಟದ ಮೇಜಿನ ಮೇಲೆ, ಡಿಪಾರ್ಟ್‌ಮೆಂಟಲ್ಲಿ ಒಂದು ತಪ್ಪಾಗಿದೆ ಎಂದು ಅವನಾಗಿಯೇ ಬಾಯಿಬಿಟ್ಟಿದ್ದ. ಹೇಳಿಬಿಡಬೇಕು ಎಂದೇ ಶುರು ಮಾಡಿದ್ದು. ಯಾರದ್ದು ಎಂದು ಅವಳು ಕೇಳಿದೊಡನೆ, ಗೊತ್ತಿಲ್ಲ, ಹೆಸರು ಮುಚ್ಚಿರುತ್ತಾರೆ, ಅಂದುಬಿಟ್ಟಿದ್ದ. ಅಂದದ್ದು ಒಂದು ಅರ್ಥದಲ್ಲಿ ಸುಳ್ಳಲ್ಲ ಎಂದು ತಟ್ಟೆ ತೊಳೆಯುತ್ತಾ ಲೆಕ್ಕ ಹಾಕಿದ್ದ.

"ಒಬ್ಬ ಟೆಕ್ನಿಷಿಯನ್ ಮೇಲೆ ಬಂತು," ಅಂದ.

"ಅಯ್ಯೋ ಪಾಪ. ನಿಮ್ಮ ಅಕ್ಕ ಅಲ್ಲ ತಾನೇ?"

ಅವನು ಕೆಲಸವಿದೆ ಎಂದು ಫೋನ್ ಇಟ್ಟ. ಇಟ್ಟ ಮೇಲೆ ಕೆಲಸವಿಲ್ಲದ ಎರಡು ಗಂಟೆ ಉಳಿಯಿತು. ಇನ್ನು ಮೂರು ವಾರ. ಅದರಲ್ಲಿ ಎರಡು ವಾರ ಅಕ್ಕನ ಪಕ್ಕ ನಿಂತು, ಹೂಂ ಅಕ್ಕ, ಇನ್ನೊಂಚೂರು ಕೆಳಗೆ ಅಕ್ಕ, ಅಂದರೆ ಆಯಿತು. ಆಮೇಲೆ ಬೇರೆ ಕಟ್ಟಡ, ಬೇರೆ ಪರದೆ, ಅಲ್ಲಿ ಯಾರೂ ಅವನನ್ನು ಮುನ್ನೂರು ಅನ್ನುವುದಿಲ್ಲ. ಅಕ್ಕನಿಗೆ ಕೆಲಸ ಹೋಗುವುದಿಲ್ಲ, ಎರಡು ವಾರದ ಮಾತು. ಇಷ್ಟನ್ನೂ ಅವನು ಶಾಂತವಾಗಿಯೇ ಯೋಚಿಸಿದ. ಯೋಚನೆಯ ಕೊನೆಗೆ ಬಂದಾಗ ಅದು ಸಣ್ಣಗೆ ಕುಪ್ಪಳಿಸಿ ಮತ್ತೆ ಮೊದಲಿಂದ ಶುರುವಾಯಿತು.

ಎರಡೂವರೆಗೆ ಮೂರನೆಯ ಕೋಣೆಯಲ್ಲಿ ಟೈಲರ್ ಮಂಚದ ಅಂಚಿನಲ್ಲಿ ಕೂತಿದ್ದರು. ಅವರ ಹೆಂಡತಿ ಅಂಗಿಯ ಗುಂಡಿ ಬಿಚ್ಚುತ್ತಿದ್ದರು, ಮೇಲಿನಿಂದ ಕೆಳಕ್ಕೆ, ಅಭ್ಯಾಸವಾದ ಕೈಯಲ್ಲಿ. ಟೈಲರ್ ತೆಳ್ಳಗಾಗಿದ್ದರು. ಬಾಯಿಯ ಬಲ ಮೂಲೆ ಕೆಳಗಿಳಿದಿತ್ತು, ಆದರೆ ಕಣ್ಣು ಅದೇ ಕಣ್ಣು, ಒಳಬಂದವನನ್ನು ಅಡಿಯಿಂದ ಮುಡಿಯವರೆಗೆ ಅಳೆದವು. ಅವನು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬನ್ನಿ ಡಾಕ್ಟ್ರೇ," ಅಕ್ಕ ಅಂದರು. ಪ್ರೋಬಿಗೆ ಜೆಲ್ ಹಚ್ಚುತ್ತಿದ್ದರು. "ಎಲ್ಲಿ ನಿಂತ್ಕೊತೀರಿ? ಈ ಕಡೆ ನಿಂತ್ರೆ ನನ್ನ ಕೈ ಸರಿಯಾಗಿ ಕಾಣುತ್ತೆ."

ಅವರ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನು ಹುಡುಕಿದ. ಸಿಗಲಿಲ್ಲ. ಈ ಸಲ ಟೈಲರಿಗೆ ಎಡಕ್ಕೆ ಹೊರಳಿ ಮಲಗಲು ಆಯಿತು. ಪಕ್ಕೆ ವಾಸಿಯಾಗಿತ್ತು. ಬಲಗೈ ಮಾತ್ರ ಸೊಂಟದ ಮೇಲೆ ನಿಲ್ಲದೆ ಜಾರಿ ಜಾರಿ ಮುಂದಕ್ಕೆ, ಅಕ್ಕನ ಪ್ರೋಬಿನ ಮೇಲೆ ಬೀಳುತ್ತಿತ್ತು. ದಿಂಬು ಕೊಟ್ಟರು, ದಿಂಬಿನ ಮೇಲಿಂದಲೂ ಜಾರಿತು. "ಆ ಕೈ ಸ್ವಲ್ಪ ಹಿಡ್ಕೊಳ್ಳಿ ಡಾಕ್ಟ್ರೇ," ಅಂದರು ಅಕ್ಕ. ಅವನು ಹಿಡಿದುಕೊಂಡ. ಬೆಚ್ಚಗಿತ್ತು. ಅಷ್ಟು ಭಾರವಿರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಕತ್ತರಿಯ ಹಿಡಿ ಕೂತು ಕೂತು ಎದ್ದ ಗಂಟು ಇನ್ನೂ ಇತ್ತು. ಕೆಲಸ ಬಿಟ್ಟು ಐದು ವಾರಕ್ಕೆ ಅದು ಮೆತ್ತಗಾಗುವುದಿಲ್ಲ.

ಅಕ್ಕ ಪ್ರೋಬನ್ನು ಎದೆಯ ಮೇಲಿಟ್ಟು, ಒಂದು ಪಕ್ಕೆಲುಬು ಕೆಳಗಿಳಿಸಿ, ಸ್ವಲ್ಪ ಹೊರಕ್ಕೆ ಸರಿಸಿ, ಮಣಿಕಟ್ಟು ಒಂಚೂರು ತಿರುಗಿಸಿದರು. ಮೂರು ಸೆಕೆಂಡು. ಪರದೆಯ ಮೇಲೆ ಹೃದಯ ಉದ್ದವಾಯಿತು, ಮೊಟಕಾಗಿದ್ದ ಗೋಡೆ ಕರಗಿ ಕೆಳಗಿನ ನಿಜವಾದ ತುದಿ ಕಾಣಿಸಿತು: ತೆಳ್ಳಗೆ, ಬಿಳಿಚಿಕೊಂಡು, ಬಡಿಯದೆ ನಿಂತ ತುದಿ. ಅವನು ತೋರಿಸಿಕೊಡಬೇಕಾದದ್ದು ಏನೂ ಇರಲಿಲ್ಲ. ನರ್ಸ್ ಬಂದು ಕಾಂಟ್ರಾಸ್ಟ್ ಕೊಟ್ಟರು. ಬಿಳಿ ಬಣ್ಣ ಕವಾಟದಿಂದ ಒಳನುಗ್ಗಿ, ಸುಳಿದು, ನಿಧಾನವಾಗಿ ತುದಿಯವರೆಗೂ ತುಂಬಿತು. ಕಪ್ಪು ಉಂಡೆ ಇರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ಅದನ್ನು ಕರಗಿಸಿತ್ತು.

"ಏನಾದ್ರೂ ಇದೆಯಾಮ್ಮ?" ಟೈಲರ ಹೆಂಡತಿ ಅಕ್ಕನನ್ನು ಕೇಳಿದರು.

"ಡಾಕ್ಟ್ರು ಹೇಳ್ತಾರೆ."

"ಏನೂ ಇಲ್ಲ," ಅವನು ಅಂದ. "ಹೆಪ್ಪು ಹೋಗಿದೆ."

ಆಕೆ ತಲೆಯಾಡಿಸಿದರು. ಕೈಚೀಲದ ಜಿಪ್ಪನ್ನು ಎಳೆದು ತೆರೆದರು, ಮುಚ್ಚಿದರು. ಜಗಳದ ದನಿಯಲ್ಲಲ್ಲ, ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುವವರ ದನಿಯಲ್ಲಿ ಅಂದರು: "ಹೋದ ಸಲಾನೂ ಏನೂ ಇಲ್ಲ ಅಂತಾನೇ ಬರೆದುಕೊಟ್ಟಿದ್ರಿ. ಅದಕ್ಕೇ ಕೇಳ್ದೆ."

ಪರದೆಯ ಮೇಲೆ ಚಿತ್ರ ಇನ್ನೂ ಓಡುತ್ತಿತ್ತು. ಇದು ಉಳಿಸಿಟ್ಟ ಮೂರು ಬಡಿತವಲ್ಲ, ಈಗ ಆ ಎದೆಯೊಳಗೆ ನಡೆಯುತ್ತಿರುವ ಬಡಿತ, ಮೂರು ಕಳೆದರೂ ಕುಪ್ಪಳಿಸದೆ ಮುಂದಕ್ಕೆ ಹೋಗುತ್ತಿತ್ತು. ನಾಲ್ಕು, ಐದು, ಆರು. ಅವನು ಎಣಿಸಿದ. ಅಕ್ಕ ಪ್ರೋಬ್ ಎತ್ತಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಹನ್ನೊಂದಕ್ಕೋ ಹನ್ನೆರಡಕ್ಕೋ ಅವನ ಬಾಯಿಂದ ಮಾತು ಬಂತು. "ಹೋದ ಸಲ ತುದಿ ಕಂಡಿರ್ಲಿಲ್ಲ."

"ಕಂಡಿರ್ಲಿಲ್ಲ ಅಂದ್ರೆ?"

"ಇವರು ಕಾಣ್ತಿಲ್ಲ ಅಂತ ಬರೆದಿದ್ರು. ಇನ್ನೊಂದು ಥರ ನೋಡಿ ಅಂತಾನೂ ಬರೆದಿದ್ರು. ನಾನು ಅದನ್ನ ಓದ್ಲಿಲ್ಲ. ಹಳೇ ರಿಪೋರ್ಟಲ್ಲಿ ಇದ್ದದ್ದನ್ನೇ ತಂದು ಹಾಕಿ ಏನೂ ಇಲ್ಲ ಅಂತ ಸಹಿ ಮಾಡ್ದೆ." ಉಳಿದದ್ದು ಒಂದೇ ವಾಕ್ಯ ಎಂದು ಅವನಿಗೆ ಗೊತ್ತಿತ್ತು. "ಅವತ್ತೇ ಸರಿಯಾಗಿ ನೋಡಿದ್ರೆ ಬಹುಶಃ ಸಿಗ್ತಿತ್ತು. ಮಾತ್ರೆ ಶುರು ಮಾಡಬಹುದಿತ್ತು."

ಆಕೆ ಅವನ ಮುಖವನ್ನು ನೋಡಿದರು. ಕೂಗಾಡುತ್ತಾರೆ ಎಂದು ಕಾದ. ಕೂಗಾಡಲಿ ಎಂದು ಕೂಡ. ಆಕೆ ಕುರ್ಚಿಯಿಂದ ಎದ್ದು ಮಂಚದ ಈ ಬದಿಗೆ ಬಂದು, ಗಂಡನ ಭುಜದ ಮೇಲೆ ಕೈಯಿಟ್ಟು ಅಂದರು: "ಇವರಿಗೆ ಎಲ್ಲ ಅರ್ಥ ಆಗುತ್ತೆ. ಮಾತು ಮಾತ್ರ ಬರಲ್ಲ. ನನಗೆ ಹೇಳಿದ್ದನ್ನ ಅವರಿಗೆ ಹೇಳಿ. ನಿಧಾನಕ್ಕೆ ಹೇಳಿ, ಬೇಗ ಬೇಗ ಅಂದ್ರೆ ಹಿಡಿಯೋಕಾಗಲ್ಲ."

ಅಕ್ಕ ಪ್ರೋಬ್ ತೆಗೆದು, ಬಟ್ಟೆಯಿಂದ ಟೈಲರ ಎದೆ ಒರೆಸಿದರು. ಟೈಲರ್ ಬೆನ್ನ ಮೇಲೆ ಹೊರಳಿದರು. ಅವನು ಮತ್ತೆ ಹೇಳಿದ, ಮೊದಲಿಂದ, ನಿಧಾನಕ್ಕೆ. ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಬೇಕಾಯಿತು. ಟೈಲರ್ ಪ್ರತಿಸಲ ಕಣ್ಣು ಮುಚ್ಚಿ ತೆರೆಯುತ್ತಿದ್ದರು, ಮುಂದಕ್ಕೆ ಹೇಳು ಎಂಬಂತೆ. ನಡುವೆ ಎಲ್ಲಿಯಾದರೂ ಮೃದುವಾಗಿ ಜಾರಿಕೊಳ್ಳಲು ಜಾಗ ಸಿಗಲಿಲ್ಲ. ನಾನು ಓದಲಿಲ್ಲ ಎಂಬ ವಾಕ್ಯಕ್ಕೆ ಬಂದಾಗ ಟೈಲರ ಬಾಯಿ ತೆರೆಯಿತು, ಗಂಟಲಿನಿಂದ ಒಂದು ಸದ್ದು ಹೊರಟು ಅಕ್ಷರವಾಗದೆ ಉಳಿಯಿತು. ಆಮೇಲೆ ಅವರ ಎಡಗೈ ಮೇಲೆದ್ದಿತು. ಅವನು ಹಿಂದೆ ಸರಿಯಲಿಲ್ಲ. ಆ ಕೈ ಅವನ ಕೋಟಿನ ಎಡ ತೋಳಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಿತು, ಬಟ್ಟೆಯನ್ನು ಒಮ್ಮೆ ಉಜ್ಜಿತು, ಅಳೆಯಿತು, ಬಿಟ್ಟಿತು. ಟೈಲರ್ ಗೋಡೆಯ ಕಡೆ ಮುಖ ತಿರುಗಿಸಿದರು.

"ಅಂಗಿ ಹಾಕ್ಲಾ?" ಎಂದು ಹೆಂಡತಿ ಅವರನ್ನು ಕೇಳಿದರು. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಗುಂಡಿ ಹಾಕಿದರು. ಹೊರಡುವಾಗ ಆಕೆ ಬಾಗಿಲಲ್ಲಿ ನಿಂತರು. "ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ."

"ಇವತ್ತೇ?"

"ಇವತ್ತೇ."

ಅವರು ಹೋದ ಮೇಲೆ ಅಕ್ಕ ಮಂಚದ ಮೇಲಿನ ಕಾಗದ ಹರಿದು ತೆಗೆದು, ಹೊಸದನ್ನು ಎಳೆದು ಹಾಸಿದರು. "ಬರೆದಿದ್ದೆ ತಾನೇ ನಾನು?" ಎಂದು ಕೇಳಿದರು. ದನಿ ಸಣ್ಣಗಿತ್ತು.

"ಬರೆದಿದ್ರಿ ಅಕ್ಕ. ನಾಲ್ಕು ಹನ್ನೆರಡಕ್ಕೆ. ನನ್ನ ಹತ್ರ ಇದೆ."

"ಐದು ವಾರ," ಅಂದರು ಅಕ್ಕ. "ಬರೆದಿದ್ನೋ, ಬರೀಬೇಕು ಅಂದ್ಕೊಂಡು ಬಿಟ್ನೋ ಅಂತ, ಪ್ರೋಬ್ ಹಿಡಿದಾಗೆಲ್ಲ ನನ್ನ ಕೈನ ನಾನೇ ನೋಡ್ಕೊತಿದ್ದೆ. ಇಪ್ಪತ್ತೆರಡು ವರ್ಷ ಹಾಗೆ ನೋಡ್ಕೊಂಡಿರ್ಲಿಲ್ಲ." ಕಾಗದದ ಸುಕ್ಕನ್ನು ಅಂಗೈಯಿಂದ ಸರಿಮಾಡಿದರು. "ಹೋಗಿ, ಬರೀರಿ. ನನಗೆ ಇನ್ನೂ ನಾಲ್ಕು ರೋಗಿ ಇದಾರೆ. ಬರೆದು ಬೇಗ ಬನ್ನಿ, ನೀವು ಪಕ್ಕದಲ್ಲಿಲ್ದೆ ನಾನು ಮುಟ್ಟೋ ಹಾಗಿಲ್ವಂತೆ."

ಮೂರು ಐವತ್ತಕ್ಕೆ ಅವನು ಹಳೆಯ ವರದಿಯ ಕೆಳಗೆ ತಿದ್ದುಪಡಿ ಬರೆದ. ಐದು ಸಾಲು. ಅಕ್ಕನ ಟಿಪ್ಪಣಿಯನ್ನು ಇದ್ದ ಹಾಗೇ, ಸಮಯದ ಸಮೇತ, ನಕಲು ಮಾಡಿದ. ದೊಡ್ಡವರ ಅಂತಿಮ ಸಹಿ ಯಾವ ಹೊತ್ತಿಗೆ ಬಿತ್ತು ಎಂಬುದನ್ನು ಬರೆಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಕೂತ. ಬರೆಯಲಿಲ್ಲ. ಇತಿಹಾಸದ ಪುಟದಲ್ಲಿ ಅದು ಇತ್ತು, ನೋಡಬೇಕಾದವರು ನೋಡಲಿ ಅಂದುಕೊಂಡ. ಅದು ಧೈರ್ಯವೋ, ಉಳಿದ ಹೇಡಿತನವೋ ಅವನಿಗೆ ತಿಳಿಯಲಿಲ್ಲ. ಒಂದು ಪ್ರತಿ ತೆಗೆದು, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೈಲರ ಹೆಂಡತಿಯ ಕೈಗೆ ಕೊಟ್ಟ. ಆಕೆ ಅದನ್ನು ಓದದೆ ಮಡಿಸಿ ಚೀಲಕ್ಕೆ ಹಾಕಿಕೊಂಡರು. ನಾಲ್ಕೂವರೆಗೆ ದೊಡ್ಡವರ ಕೋಣೆಯಿಂದ ಕರೆ ಬಂತು.

ಆ ವರ್ಷ ಅವನಿಗೆ ಸರ್ಟಿಫಿಕೇಟ್ ಸಿಗಲಿಲ್ಲ. ಅಕ್ಕನ ಮೇಲಿನ ಆದೇಶವನ್ನು ಹಿಂದಕ್ಕೆ ಪಡೆಯಲು ಆಡಳಿತ ವಿಭಾಗಕ್ಕೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನ ಅಕ್ಕ ತೆಗೆದ ಪ್ರತಿಯೊಂದು ಎಕೋದ ಮೂಲೆಯಲ್ಲಿ, ಅವರ ಮೂರಕ್ಷರದ ಪಕ್ಕದಲ್ಲಿ, ನಿಯಮದ ಪ್ರಕಾರ ಮೇಲ್ವಿಚಾರಕನೆಂದು ಅವನ ಹೆಸರಿನ ಮೂರಕ್ಷರವೂ ಅಚ್ಚಾಯಿತು.